ಕೀ ತಿರುಗಿಸಿದರೆ ‘ಟಕ್’: ಹಳೇ ಟ್ರ್ಯಾಕ್ಟರ್‌ನ ಬ್ಯಾಟರಿ, ಸೆಲ್ಫ್, ಡೈನಮೋ ದೋಷ ಹುಡುಕುವ ಬಗೆ

ಮೂರು ವರ್ಷದ ಹಿಂದೆ, ಕಾಲುವೆಗೆ ನೀರು ಬಿಟ್ಟ ವಾರವೇ, ನಮ್ಮ ಹಳೇ ಟ್ರ್ಯಾಕ್ಟರ್ ಕೈಕೊಟ್ಟಿತು. ಕೀ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಹೆಡ್‌ಲೈಟ್ ಹಚ್ಚಿಕೊಂಡು ಸೆಲ್ಫ್ ಹೊಡೆದರೆ ಲೈಟೂ ಆರಿದಂತೆ ಮಂಕಾಗುತ್ತಿತ್ತು. ಬ್ಯಾಟರಿ ಮುಗಿಯಿತು ಎಂದುಕೊಂಡು ಹೊಸದು ತಂದೆ. ಮತ್ತೆ ‘ಟಕ್’. ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಬಿಚ್ಚಿ ಪೇಟೆಗೆ ಒಯ್ದರೆ ಅಲ್ಲಿ ಬೆಂಚಿನ ಮೇಲೆ ಗಿರಗಿರ ತಿರುಗಿತು. ತಂದು ಕೂರಿಸಿದರೆ ಮತ್ತದೇ ‘ಟಕ್’. ಮೂರನೇ ದಿನ ಊರಿನ ಹಿರಿಯ ಎಲೆಕ್ಟ್ರಿಷಿಯನ್ ಬಂದರು. ಮೊದಲು ಬೀಡಿ ಆರಿಸಿದರು. ಆಮೇಲೆ ಬ್ಯಾಟರಿಯಿಂದ ಚಾಸಿಗೆ (ಗಾಡಿಯ ಕಬ್ಬಿಣದ ಮೈಗೆ) ಹೋಗುವ ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿ, ಅದರ ಕೆಳಗಿನ ಕೆಂಪು ಬಣ್ಣವನ್ನು ಚಾಕುವಿನಿಂದ ಕೆರೆದರು. ಆ ಬಣ್ಣ ಬೇಸಿಗೆಯಲ್ಲಿ ಗಾಡಿ ಚಂದ ಕಾಣಲಿ ಎಂದು ನಾನೇ ನಿಂತು ಹೊಡೆಸಿದ್ದು. “ಬಣ್ಣದ ಮೇಲೆ ಕರೆಂಟ್ ಹರೀತದೇನಪ್ಪಾ?” ಅಂದರು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಜೋಡಣೆ ನೋಡದೆ ಸಾಮಾನು ಬದಲಿಸುವುದಿಲ್ಲ. ಕೆಳಗೆ ಬರೆದಿರುವುದು ಆ ನಿಯಮದ ಮೇಲೆ ನಿಂತಿದೆ.

ಯಾವ ಗಾಡಿಗಳ ಮಾತು

1960, 70, 80ರ ದಶಕದ ಡೀಸೆಲ್ ಗಾಡಿಗಳು: ಮದ್ರಾಸಿನ ಟಾಫೆಯ ಮ್ಯಾಸಿ ಫರ್ಗುಸನ್ 1035, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ವಿನ್ಯಾಸದ ಮಹೀಂದ್ರಾ ಬಿ-275, ಎಸ್ಕಾರ್ಟ್ಸ್, ಫೋರ್ಡ್ 3000, ನಮ್ಮ ಬೆಂಗಳೂರಿನ ಎಚ್‌ಎಂಟಿ ಕಂಪನಿ 1971ರಿಂದ ಪಿಂಜೋರ್‌ನಲ್ಲಿ ತಯಾರಿಸಿದ ಜೆಟರ್ 2511 ಮುಂತಾದವು. ಎಲ್ಲವೂ 12 ವೋಲ್ಟ್ ಗಾಡಿಗಳು. ಹಲವಕ್ಕೆ ಬ್ಯಾಟರಿ ತುಂಬಲು ಆಲ್ಟರ್ನೇಟರ್ ಬದಲು ಡೈನಮೋ, ಜೊತೆಗೆ ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟೌಟ್ ಡಬ್ಬಿ ಇರುತ್ತದೆ.

ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಾಯಿಲ್ ಇಲ್ಲ. ಕಿಡಿಯ ಕೆಲಸವನ್ನು ಒತ್ತಿ ಬಿಸಿಯಾದ ಗಾಳಿಯೇ ಮಾಡುತ್ತದೆ. ಒಮ್ಮೆ ಹತ್ತಿತೆಂದರೆ ಬ್ಯಾಟರಿ ಕಳಚಿದರೂ ಎಂಜಿನ್ ನಿಲ್ಲದು. ನಿಲ್ಲಿಸಲು ಸ್ಟಾಪ್ ಕೇಬಲ್ ಎಳೆಯಬೇಕು. ಹಾಗಾಗಿ ಇಲ್ಲಿ ಕರೆಂಟಿಗೆ ಇರುವುದು ನಾಲ್ಕೇ ಕೆಲಸ: ಸೆಲ್ಫ್ ತಿರುಗಿಸುವುದು, ಚಳಿಯಲ್ಲಿ ಹೀಟರ್ ಕಾಯಿಸುವುದು, ಬ್ಯಾಟರಿ ತುಂಬುವುದು, ಲೈಟ್ ಉರಿಸುವುದು. ದುಡಿಯುತ್ತಿದ್ದ ಗಾಡಿ ಗದ್ದೆಯ ನಡುವೆ ತಾನೇ ನಿಂತರೆ ವೈರ್ ಹುಡುಕಬೇಡಿ, ಡೀಸೆಲ್ ದಾರಿ ನೋಡಿ.

ಕೈ ಹಾಕುವ ಮೊದಲು

ಬೇಕಾದ ಸಾಮಾನು ಸ್ವಲ್ಪವೇ. ಒಂದು ಅಗ್ಗದ ಮಲ್ಟಿಮೀಟರ್. ಇಂಡಿಕೇಟರ್‌ನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್. ಸ್ಪ್ಯಾನರ್, ತಂತಿ ಬ್ರಷ್, ಸ್ಯಾಂಡ್ ಪೇಪರ್.

ಎಚ್ಚರಿಕೆಗಳಲ್ಲಿ ಇದು ಮೊದಲನೆಯದು. ನೆಲದ ಮೇಲೆ ನಿಂತು, ಸೆಲ್ಫ್ ಮೋಟಾರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡಬೇಡಿ. ನಮ್ಮ ಕಡೆ ಇದನ್ನು ಮಾಡದ ಡ್ರೈವರ್ ಸಿಗುವುದೇ ಕಷ್ಟ ಎಂದು ನನಗೂ ಗೊತ್ತು. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಹತ್ತಿದ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ನೀವು ನಿಂತಿರುವುದು ದೊಡ್ಡ ಚಕ್ರದ ದಾರಿಯಲ್ಲೇ. ಸೀಟಿನ ಮೇಲೆ ಕೂತು, ನ್ಯೂಟ್ರಲ್ ನೋಡಿ, ಕ್ಲಚ್ ಒತ್ತಿ ಕೀ ತಿರುಗಿಸುವ ಅಭ್ಯಾಸಕ್ಕೆ ಬದಲಿಲ್ಲ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಬೀಡಿ, ಬೆಂಕಿಕಡ್ಡಿ ದೂರವಿರಲಿ. ಬೆರಳಿನ ಉಂಗುರ, ಕೈಗಡಗ ತೆಗೆದಿಡಿ. ಸ್ಪ್ಯಾನರಿಗೂ ಟರ್ಮಿನಲ್ಲಿಗೂ ನಡುವೆ ಸಿಕ್ಕ ಉಂಗುರ ಕಾದ ಕಬ್ಬಿಣದಂತಾಗುತ್ತದೆ. ಆಸಿಡ್ ಕಣ್ಣಿಗೆ ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೊರಡಿ. ಬ್ಯಾಟರಿ ಕಳಚುವಾಗ ಅರ್ಥ್ ಕಡೆಯ ವೈರ್ ಮೊದಲು, ಜೋಡಿಸುವಾಗ ಅದು ಕೊನೆಗೆ.

ಇನ್ನು ಅರ್ಥ್ ಯಾವುದೆಂದು ನೋಡಿಕೊಳ್ಳಿ. ಇಂಗ್ಲೆಂಡಿನ ವಿನ್ಯಾಸದ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಸೇರಿರುವುದುಂಟು. ಈಗಿನ ಗಾಡಿಗಳಲ್ಲಿ ಚಾಸಿಗೆ ಸೇರುವುದು ನೆಗೆಟಿವ್. ಪಕ್ಕದ ಮನೆಯ ಹೊಸ ಗಾಡಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡುವಾಗ ಇದು ಗೊತ್ತಿಲ್ಲದಿದ್ದರೆ ದೊಡ್ಡ ಶಾರ್ಟ್. ಎರಡೂ ಗಾಡಿಯ ಕಬ್ಬಿಣ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಕೊಡಿ. ಕೊನೆಯ ಕ್ಲಿಪ್ ಅನ್ನು ಬ್ಯಾಟರಿಯ ಮೇಲೆ ಕಿಡಿ ಹಾರದಂತೆ ದೂರದ ಎಂಜಿನ್ ಕಬ್ಬಿಣಕ್ಕೆ ಹಚ್ಚಿ. ಅದು ನಿಮ್ಮ ಗಾಡಿಯ ಅರ್ಥ್ ಕಡೆಯ ಕ್ಲಿಪ್ಪೇ ಆಗಿರಬೇಕು. ಲಾರಿಯ 24 ವೋಲ್ಟಿನ ಸಹವಾಸ ಬೇಡವೇ ಬೇಡ.

ಕೀ ತಿರುಗಿಸಿದರೆ ಏನೂ ಇಲ್ಲ: ಸದ್ದಿಲ್ಲ, ಲೈಟಿಲ್ಲ

ಗಾಡಿ ಪೂರ್ತಿ ಸತ್ತಂತಿದ್ದರೆ ಖುಷಿಪಡಿ, ಇದು ಹುಡುಕಲು ಸುಲಭ. ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಚಿ ನೋಡಿ. ಅಲುಗಿದರೆ ಅಲ್ಲೇ ಉತ್ತರವಿದೆ. ಬಿಳಿ-ಹಸಿರು ಕಿಲುಬು ಕೂತಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ತೊಳೆಯಿರಿ. ಆ ನೀರು ಸೆಲ್ ಒಳಗೆ ಹೋಗಬಾರದು, ಮುಚ್ಚಳ ಬಿಗಿಯಿರಲಿ. ಟರ್ಮಿನಲ್ಲನ್ನು ಒಳಗೂ ಹೊರಗೂ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ. ಬಿಗಿ ಮಾಡುವ ಮುಂಚೆ ಸವರುವವರಿದ್ದಾರೆ, ಅದು ಉಲ್ಟಾ.

ಟರ್ಮಿನಲ್ ಸರಿಯಿದ್ದರೆ ಮೀಟರ್ ಹಿಡಿಯಿರಿ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ಮೇಲೆ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ಬಂದರೆ ಖಾಲಿ. ಚಾರ್ಜ್ ಮಾಡಿ ತಂದರೂ 10.5ರ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಅದಕ್ಕೆ ಮದ್ದಿಲ್ಲ, ಆಗ ಬ್ಯಾಟರಿ ಬದಲಿಸಿ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಇನ್ನೂ ಸ್ಪಷ್ಟ. ಐದು ಸೆಲ್ 1.25ರ ಸುತ್ತ ಇದ್ದು ಒಂದೇ ಒಂದು 1.15ಕ್ಕೆ ಇಳಿದಿದ್ದರೆ ಆ ಸೆಲ್ಲೇ ಕಳ್ಳ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಪ್ಲೇಟ್ ತಿನ್ನುತ್ತದೆ.

ಬ್ಯಾಟರಿಯಲ್ಲಿ 12 ಇದೆ, ಲೈಟೂ ಉರಿಯುತ್ತದೆ, ಆದರೆ ಕೀಗೆ ಮಾತ್ರ ಸದ್ದಿಲ್ಲವೇ? ಮ್ಯಾಸಿ ಜಾತಿಯ ಗಾಡಿಗಳಲ್ಲಿ ಹೈ-ಲೋ ಲಿವರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ಹೊಡೆಯದಂತೆ ಒಂದು ಸುರಕ್ಷಾ ಸ್ವಿಚ್ ಇರುತ್ತದೆ. ಲಿವರ್ ಆಚೀಚೆ ಆಡಿಸಿ ಮತ್ತೆ ನ್ಯೂಟ್ರಲ್ಲಿಗೆ ತಂದು ನೋಡಿ. ಆಮೇಲೆ ಕೀ ತಿರುಗಿಸಿ ಹಿಡಿಯಲು ಒಬ್ಬರನ್ನು ಕೂರಿಸಿ, ಸೆಲ್ಫಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್ಚಾದ ಸೊಲಿನಾಯ್ಡ್‌ನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಹಚ್ಚಿ. ಉರಿದರೆ ಸೊಲಿನಾಯ್ಡ್ ಹೋಗಿದೆ. ಉರಿಯದಿದ್ದರೆ ಕೀ ಸ್ವಿಚ್, ಆ ಸುರಕ್ಷಾ ಸ್ವಿಚ್ ಅಥವಾ ನಡುವಿನ ವೈರ್. ಸುರಕ್ಷಾ ಸ್ವಿಚ್ ಕೆಟ್ಟಿದ್ದರೆ ಎರಡು ವೈರ್ ಸೇರಿಸಿ ತಿರುಚಿಬಿಡುವುದು ಸುಲಭ, ಸ್ವಿಚ್ಚೂ ಅಗ್ಗವೇ. ಸುಲಭದ್ದನ್ನು ಮಾಡಬೇಡಿ.

‘ಟಕ್’ ಅಂದು ನಿಲ್ಲುತ್ತದೆ, ಅಥವಾ ಎತ್ತಿನ ಗಾಣದ ಹಾಗೆ ನಿಧಾನ ತಿರುಗುತ್ತದೆ

ಹೆಚ್ಚು ದುಡ್ಡು ಹಾಳಾಗುವುದು ಇಲ್ಲಿ, ಅದಕ್ಕೇ ಸ್ವಲ್ಪ ಲೆಕ್ಕ. ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. 200 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಕಡೆ ತುಕ್ಕು, ಬಣ್ಣ, ಸಡಿಲ ಬೋಲ್ಟ್ ಸೇರಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ 2 ವೋಲ್ಟ್ ಅಲ್ಲೇ ಸಾಯುತ್ತದೆ. ಅದೇ ತಡೆಯ ಮೇಲೆ ಹೆಡ್‌ಲೈಟಿನ 4 ಆಂಪಿಯರ್ ಹರಿದರೆ ನಷ್ಟ ಬರೀ 0.04 ವೋಲ್ಟ್. ‘ಲೈಟ್ ಝಗಮಗ ಉರೀತದೆ, ಹಂಗಾಗಿ ವೈರಿಂಗ್ ಸರಿ ಇದೆ’ ಅನ್ನುವ ಮಾತು ತಪ್ಪಾಗುವುದು ಹೀಗೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಲೈಟ್ ಹಾಕಿ, ಸ್ಟಾಪ್ ಕೇಬಲ್ ಎಳೆದಿಟ್ಟು ಸೆಲ್ಫ್ ಹೊಡೆಯಿರಿ. ಎಂಜಿನ್ ಹತ್ತುವುದಿಲ್ಲ, ಸುಮ್ಮನೆ ತಿರುಗುತ್ತದೆ. ‘ಟಕ್’ ಅಂದಾಗ ಲೈಟ್ ಮಂಕಾಗದೆ ಹಾಗೇ ಇದ್ದರೆ ಸೆಲ್ಫಿಗೆ ಕರೆಂಟ್ ಹೋಗುತ್ತಿಲ್ಲ. ಸೊಲಿನಾಯ್ಡ್ ಒಳಗಿನ ತಾಮ್ರ ಸುಟ್ಟಿರಬಹುದು, ಮೋಟಾರಿನ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಲೈಟ್ ತೀರಾ ಮಂಕಾದರೆ ಮೂರು ಸಾಧ್ಯತೆ: ಬ್ಯಾಟರಿ ಖಾಲಿ, ಸೆಲ್ಫ್ ಜಾಮ್ ಆಗಿ ವಿಪರೀತ ಕರೆಂಟ್ ಎಳೆಯುತ್ತಿದೆ, ಅಥವಾ ಬ್ಯಾಟರಿಯ ಮುಖ್ಯ ವೈರಿನ ಜೋಡಣೆ ಕೆಟ್ಟಿದೆ. ನಾನು ಬಿದ್ದದ್ದು ಈ ಮೂರನೇ ಹಳ್ಳಕ್ಕೆ. ‘ಟಕಟಕಟಕ’ ಎಂದು ಬೇಗ ಬೇಗ ಸದ್ದು ಬಂದರೆ ಸಾಮಾನ್ಯವಾಗಿ ಬ್ಯಾಟರಿ ಅಥವಾ ಅದರ ಟರ್ಮಿನಲ್.

ಮೂರನ್ನೂ ಬೇರೆ ಮಾಡಲು ಮಲ್ಟಿಮೀಟರ್ ಬೇಕು. ಒಬ್ಬರು ಕೀ ಹಿಡಿದಿರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಇಲ್ಲದಿದ್ದರೆ ಮೋಟಾರ್ ಒಳಗೆ ಬೆಸುಗೆ ಕರಗುತ್ತದೆ.

ಮೀಟರಿನ ಎರಡು ತುದಿಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಒತ್ತಿ, ಕ್ಲಾಂಪಿನ ಮೇಲಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಜಗ್ಗುತ್ತಿದೆ. ಇಲ್ಲಿ 12ರ ಮೇಲೇ ಇದ್ದು ಗಾಡಿ ‘ಟಕ್’ ಅನ್ನುತ್ತಿದ್ದರೆ ಬ್ಯಾಟರಿ ನಿರಪರಾಧಿ, ದಾರಿಯಲ್ಲಿ ಎಲ್ಲೋ ತಡೆ ಇದೆ. ಈ ಒಂದು ಅಳತೆ ಆವತ್ತು ಮಾಡಿದ್ದರೆ ನನ್ನ ಹೊಸ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಈಗ ಮೀಟರಿನ ಒಂದು ತುದಿ ಬ್ಯಾಟರಿಯ ಅರ್ಥ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಕಬ್ಬಿಣದ ಮೈಗೆ. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಪಟ್ಟಿ ಬಿಚ್ಚಿ ಕೆಳಗಿನ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ. ಬಣ್ಣ ಹೊಡೆಸಿದ ಗಾಡಿಯಾದರೆ ಸೆಲ್ಫ್ ಮೋಟಾರ್ ಕೂರುವ ಜಾಗವನ್ನೂ ಉಜ್ಜಿ, ಅದೂ ಅರ್ಥ್ ದಾರಿಯೇ. ಹಾಗೆಯೇ ಬ್ಯಾಟರಿಯ ಇನ್ನೊಂದು ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನವರೆಗೆ ಅಳೆಯಿರಿ. ಕೀ ತಿರುಗಿಸದಿದ್ದಾಗ ಇಲ್ಲಿ 12 ವೋಲ್ಟ್ ಕಾಣುವುದು ಸಹಜ, ಲೆಕ್ಕಕ್ಕೆ ಬರುವುದು ಸೆಲ್ಫ್ ಹೊಡೆಯುವಾಗಿನ ಸಂಖ್ಯೆ. ಆಗಲೂ ಅರ್ಧ ವೋಲ್ಟಿಗಿಂತ ಜಾಸ್ತಿ ಉಳಿದರೆ ಕೇಬಲ್ ಅಥವಾ ಸೊಲಿನಾಯ್ಡ್. ಮೀಟರ್ ಇಲ್ಲದವರಿಗೆ ಹಳೇ ಉಪಾಯ: ನಾಲ್ಕೈದು ಸಲ ಸೆಲ್ಫ್ ಹೊಡೆದು ಪ್ರತಿ ಜೋಡಣೆಯನ್ನೂ ಹುಷಾರಾಗಿ ಮುಟ್ಟಿ. ಬಿಸಿಯಾದದ್ದೇ ಕೆಟ್ಟದ್ದು.

ಕೇಬಲ್ ವಿಷಯಕ್ಕೆ ಇನ್ನೊಂದು ಮಾತು. ಕಾರಿನ ಬ್ಯಾಟರಿ ಕೇಬಲ್ ಟ್ರ್ಯಾಕ್ಟರಿಗೆ ಸಾಲದು. ಹೊರಗೆ ರಬ್ಬರ್ ದಪ್ಪವಿದ್ದು ಒಳಗೆ ತಾಮ್ರ ಸಣ್ಣದಿರುವ ಅಗ್ಗದ ಮಾಲೂ ಸಿಗುತ್ತದೆ. ತುದಿಯಲ್ಲಿ ತಾಮ್ರ ನೋಡಿ ತನ್ನಿ.

ಎಲ್ಲ ಸರಿಯಿದ್ದೂ ನಿಧಾನವೇ? ಗಾಡಿ ಬಿಸಿಯಾದಾಗ ಮಾತ್ರ ಹೆಚ್ಚು ನಿಧಾನವೇ? ಮೋಟಾರಿನ ಹಿತ್ತಾಳೆ ಬುಷ್ ಸವೆದು, ಒಳಗೆ ತಿರುಗುವ ಆರ್ಮೇಚರ್ ಪಕ್ಕದ ಕಬ್ಬಿಣಕ್ಕೆ ಉಜ್ಜುತ್ತಿರಬಹುದು. ಬಿಚ್ಚಿದಾಗ ಆರ್ಮೇಚರ್ ಮೈಮೇಲೆ ಹೊಳೆಯುವ ಗೀರು ಕಾಣುತ್ತದೆ. ಕಾರ್ಬನ್ ಬ್ರಷ್ 8 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸಿ. ಬುಷ್ ಹೊಡೆಯುವುದು, ಆರ್ಮೇಚರ್ ಟರ್ನಿಂಗ್ ಮಾಡಿಸುವುದು ಲೇತ್ ಇರುವವರ ಕೆಲಸ. ಮನೆಯಲ್ಲಿ ಸುತ್ತಿಗೆ ಎತ್ತಬೇಡಿ.

ಸೆಲ್ಫ್ ಗಿರ್ರೆನ್ನುತ್ತದೆ, ಎಂಜಿನ್ ಅಲುಗುವುದಿಲ್ಲ

ಮೋಟಾರ್ ತಿರುಗುತ್ತಿದೆ, ಅದರ ತುದಿಯ ಹಲ್ಲುಚಕ್ರ, ಅಂದರೆ ಬೆಂಡಿಕ್ಸ್, ಎಂಜಿನ್ನಿನ ಫ್ಲೈವೀಲಿಗೆ ಕೂರುತ್ತಿಲ್ಲ. ಹತ್ತರಲ್ಲಿ ಏಳು ಸಲ ಇದು ಕೊಳೆ. ಎರೆ ಮಣ್ಣಿನ ಧೂಳು, ಕ್ಲಚ್ ಪುಡಿ, ಎಣ್ಣೆ ಸೇರಿ ಸುರುಳಿ ಹಲ್ಲಿನ ಮೇಲೆ ಅಂಟು ಕಟ್ಟಿರುತ್ತದೆ. ಬ್ಯಾಟರಿ ಕಳಚಿ, ಮೋಟಾರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಸ್ವಚ್ಛ ಆದ ಮೇಲೆ ಗ್ರೀಸ್ ಹಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಹಚ್ಚಬೇಡಿ. ಗ್ರೀಸ್ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ತಿಂಗಳಲ್ಲಿ ಮತ್ತೆ ಅದೇ ಪಾಡು.

ಇದರ ಉಲ್ಟಾ ಕೂಡ ಇದೆ. ಹಲ್ಲು ಕೂತು ಸಿಕ್ಕಿಕೊಂಡುಬಿಡುತ್ತದೆ, ಆಗ ‘ಟಕ್’ ಅಂದು ಲೈಟ್ ಆರುತ್ತದೆ. ಲ್ಯೂಕಾಸ್ ಕಂಪನಿಯ ಹಳೇ ಸೆಲ್ಫ್ ಮೋಟಾರುಗಳಲ್ಲಿ ಹಿಂಬದಿಯ ಮುಚ್ಚಳ ತೆಗೆದರೆ ಶಾಫ್ಟಿನ ಚೌಕ ತುದಿ ಸಿಗುತ್ತದೆ. ಬ್ಯಾಟರಿ ಕಳಚಿ ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ.

ಕೆಲವು ಸಲ ಮಾತ್ರ ‘ಕರ್‌ರ್’ ಎಂದು ಹಲ್ಲು ಕಡಿದ ಸದ್ದು ಬಂದು, ಎಂಜಿನ್ ಸ್ವಲ್ಪ ತಿರುಗಿಸಿಕೊಟ್ಟರೆ ಸರಿಯಾಗುತ್ತಿದ್ದರೆ ಫ್ಲೈವೀಲ್ ರಿಂಗ್ ಸವೆದಿದೆ. ಎಂಜಿನ್ ಪ್ರತಿ ಸಲವೂ ಕಂಪ್ರೆಷನ್ ತಡೆಗೆ ಅವೇ ಕೆಲವು ಜಾಗಗಳಲ್ಲಿ ನಿಲ್ಲುತ್ತದೆ: ನಾಲ್ಕು ಸಿಲಿಂಡರಿಗೆ ಎರಡು ಜಾಗ, ಮೂರು ಸಿಲಿಂಡರಿಗೆ ಮೂರು. ಅಲ್ಲಿಯ ಹಲ್ಲೇ ಮೊದಲು ಸಾಯುವುದು. ಇದಕ್ಕೆ ಗಾಡಿಯನ್ನು ನಡುವೆ ಬಿಚ್ಚಬೇಕು. ಅನುಭವಿ ಮೆಕ್ಯಾನಿಕ್ ಹತ್ತಿರ ಬಿಡಿ, ಕ್ಲಚ್ ಕೆಲಸವಿದ್ದರೆ ಅದೇ ಸಲಕ್ಕೆ ಮುಗಿಸಿಕೊಳ್ಳಿ.

ಎಂಜಿನ್ ಜೋರಾಗಿ ತಿರುಗುತ್ತದೆ, ಹತ್ತುವುದಿಲ್ಲ

ಕರೆಂಟಿನ ಪಾಲು ಇಲ್ಲಿಗೆ ಮುಗಿದಂತೆ. ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ, ಡೀಸೆಲ್ ಇದೆಯೇ, ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆಯೇ ನೋಡಿ. ತಿರುಗಿಸುವಾಗ ಸೈಲೆನ್ಸರಿನಲ್ಲಿ ಸ್ವಲ್ಪವೂ ಹೊಗೆ ಇಲ್ಲದಿದ್ದರೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದೂ ಹತ್ತದಿದ್ದರೆ, ಅದೂ ಚಳಿಯ ಬೆಳಿಗ್ಗೆ ಮಾತ್ರ ಹೀಗಾದರೆ, ಹೀಟರ್ ನೋಡಬೇಕು.

ಬಿ-275ರಂಥ ಎಂಜಿನ್ನಿಗೆ ಸಿಲಿಂಡರಿಗೊಂದು ಹೀಟರ್ ಪ್ಲಗ್ ಇದ್ದು, ಎಲ್ಲವೂ ಸಾಲಾಗಿ ಜೋಡಣೆಯಾಗಿರುತ್ತವೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಒಂದು ಸುಟ್ಟರೆ ಎಲ್ಲವೂ ಬಂದ್. ಕೀ ಹೀಟರ್ ಸ್ಥಾನದಲ್ಲಿಟ್ಟು, ಕರೆಂಟ್ ಬರುವ ತುದಿಯಿಂದ ಒಂದೊಂದೇ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಹಚ್ಚುತ್ತಾ ಹೋಗಿ. ಯಾವ ಪ್ಲಗ್ ದಾಟಿದ ಮೇಲೆ ಬೆಳಕು ಪೂರ್ತಿ ಆರುತ್ತದೋ ಆ ಪ್ಲಗ್ ಸುಟ್ಟಿದೆ. ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ನುಗಳಲ್ಲಿ ಇದರ ಬದಲು ಗಾಳಿ ಹೋಗುವ ಕೊಳವೆಯಲ್ಲಿ ಒಂದು ಥರ್ಮೋಸ್ಟಾರ್ಟ್ ಇರುತ್ತದೆ. ಅದು ಒಂದಿಷ್ಟು ಡೀಸೆಲ್ ಉರಿಸಿ ಗಾಳಿ ಕಾಯಿಸುತ್ತದೆ. ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿದ ಮೇಲೆ ಆ ಜಾಗ ಬೆಚ್ಚಗಾಗದಿದ್ದರೆ ವೈರ್ ನೋಡಿ.

ಹೀಟರ್ ಕೆಲಸ ಮಾಡುವ ಗಾಡಿಯ ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಬೇಡ. ಕೊಳವೆಯೊಳಗೇ ಭುಗ್ಗೆನ್ನುತ್ತದೆ, ಮುಖ ಅಲ್ಲೇ ಇರುತ್ತದೆ.

ಗಾಡಿ ಓಡುತ್ತಿದ್ದರೂ ಮುಳ್ಳು ಮೈನಸ್ ಕಡೆಗೇ ಇದೆ

ಆಂಪಿಯರ್ ಮೀಟರಿನ ಮುಳ್ಳು ರೇಸ್ ಮಾಡಿದರೂ ಪ್ಲಸ್ ಕಡೆಗೆ ಬರದಿದ್ದರೆ, ಅಥವಾ ಚಾರ್ಜಿಂಗ್ ಕೆಂಪು ದೀಪ ಆರದಿದ್ದರೆ ಡೈನಮೋ ದುಡಿಯುತ್ತಿಲ್ಲ. ಎಂಜಿನ್ ನಿಲ್ಲಿಸಿ ಬೆಲ್ಟ್ ಒತ್ತಿ ನೋಡಿ. ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲ ಬಗ್ಗಿದರೆ ಸರಿ. ಬೆಲ್ಟಿನ ಒಳಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಜಾರುತ್ತಿದೆ. ಡೈನಮೋ ಹಿಂದಿನ ಎರಡು ವೈರ್, ದೊಡ್ಡದು ‘ಡಿ’, ಸಣ್ಣದು ‘ಎಫ್’, ಬಿಗಿ ಇವೆಯೇ ನೋಡಿ. ಕೇಜ್ ವೀಲ್ ಹಾಕಿ ಕೆಸರು ಮಾಡಿ ಬಂದ ಮೇಲೆ ಪಂಪಿನಿಂದ ಜೋರಾಗಿ ನೀರು ಹೊಡೆದು ತೊಳೆದ ಮಾರನೇ ದಿನ ಈ ತೊಂದರೆ ಬಂದಿದ್ದರೆ, ಬ್ರಷ್ ಮೇಲೆ ಕೆಸರು ಕೂತಿದೆ ಎಂದೇ ಮೊದಲು ಊಹಿಸಿ.

ಆದರೆ ಎಲ್ಲಕ್ಕಿಂತ ಮೊದಲು ಒಂದು ಕೂಡುವ ಲೆಕ್ಕ ಮಾಡಿ. ಹಳೇ ಡೈನಮೋ ಕೊಡುವುದು ಮಾದರಿಗೆ ತಕ್ಕಂತೆ ಸುಮಾರು 11ರಿಂದ 22 ಆಂಪಿಯರ್ ಮಾತ್ರ, ಅದೂ ಎಂಜಿನ್ ವೇಗದಲ್ಲಿದ್ದಾಗ. 55 ವ್ಯಾಟಿನ ಒಂದು ಫೋಕಸ್ ಲೈಟ್ ನಾಲ್ಕೂವರೆ ಆಂಪಿಯರ್ ತಿನ್ನುತ್ತದೆ. ಕಬ್ಬಿನ ಟ್ರೇಲರಿಗೆ ನಾಲ್ಕು ಫೋಕಸ್, ಮಡ್‌ಗಾರ್ಡ್ ಮೇಲೆ ಎರಡು ದೊಡ್ಡ ಸ್ಪೀಕರ್, ಜೊತೆಗೆ ಆಂಪ್ಲಿಫೈಯರ್ ಹಾಕಿಸಿದ ಹುಡುಗರು “ಅಣ್ಣಾ, ಡೈನಮೋ ಚಾರ್ಜ್ ಆಗ್ತಿಲ್ಲ” ಅಂತ ಬರುತ್ತಾರೆ. ಡೈನಮೋಗೆ ಏನೂ ಆಗಿಲ್ಲ, ಹಾಡಿಗೆ ಆಗಿದೆ. ಎಲ್ಲ ಆರಿಸಿ ರೇಸ್ ಮಾಡಿ. ಮುಳ್ಳು ಪ್ಲಸ್ಸಿಗೆ ಬಂದರೆ ದೋಷವೇ ಇಲ್ಲ.

ಆಗಲೂ ಬರದಿದ್ದರೆ ಡೈನಮೋ ಕೆಟ್ಟಿದೆಯೋ ಕಟೌಟ್ ಡಬ್ಬಿ ಕೆಟ್ಟಿದೆಯೋ ಬೇರೆ ಮಾಡಬೇಕು. ಈ ಪರೀಕ್ಷೆ ಲ್ಯೂಕಾಸ್ ಬಗೆಯ ಡೈನಮೋಗೆ ಮಾತ್ರ. ಬೇರೆ ಬಗೆಯಲ್ಲಿ ಒಳ ಜೋಡಣೆ ಬೇರೆ, ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಎರಡೂ ವೈರ್ ಕಳಚಿ, ಡಿ ಮತ್ತು ಎಫ್ ಬೋಲ್ಟುಗಳನ್ನು ತುಂಡು ವೈರಿನಿಂದ ಸೇರಿಸಿ. ಮೀಟರಿನ ಒಂದು ತುದಿ ಅದಕ್ಕೆ, ಇನ್ನೊಂದು ಡೈನಮೋ ಮೈಗೆ. ಎಂಜಿನ್ ಸ್ಟಾರ್ಟ್ ಮಾಡಿ ನಿಧಾನವಾಗಿ ರೇಸ್ ಏರಿಸಿ. ವೋಲ್ಟ್ ಸರಸರ ಏರಿ 15 ದಾಟಿದರೆ ಡೈನಮೋ ಗಟ್ಟಿ, ತಕ್ಷಣ ರೇಸ್ ಇಳಿಸಿ. 20ಕ್ಕೆ ಮುಟ್ಟಿಸಬೇಡಿ, ತಡೆಯುವವರಿಲ್ಲದ ಡೈನಮೋ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಏನೂ ತೋರಿಸದಿದ್ದರೆ ಬ್ರಷ್ ನೋಡಿ. 1 ವೋಲ್ಟಿನ ಸುತ್ತ ನಿಂತರೆ ಫೀಲ್ಡ್ ಕಾಯಿಲ್, 5ರ ಸುತ್ತ ನಿಂತರೆ ಆರ್ಮೇಚರ್ ಮೇಲೆ ಗುಮಾನಿ. ಕೈ, ಲುಂಗಿ, ಟವೆಲ್ ತುದಿ ಫ್ಯಾನಿನಿಂದ ದೂರವಿರಲಿ.

ವರ್ಷಗಟ್ಟಲೆ ನಿಂತ ಗಾಡಿ, ರಿಪೇರಿಯಾಗಿ ಬಂದ ಡೈನಮೋ, ಬ್ಯಾಟರಿ ಉಲ್ಟಾ ಜೋಡಿಸಿದ ಗಾಡಿ: ಇವುಗಳಲ್ಲಿ ಡೈನಮೋದ ಕಬ್ಬಿಣ ತನ್ನಲ್ಲಿ ಉಳಿದಿರಬೇಕಾದ ಅಷ್ಟಿಷ್ಟು ಅಯಸ್ಕಾಂತ ಗುಣವನ್ನೇ ಮರೆತಿರುತ್ತದೆ, ಇಲ್ಲವೇ ಉಲ್ಟಾ ಕಲಿತಿರುತ್ತದೆ. ಲ್ಯೂಕಾಸ್ ಬಗೆಯಲ್ಲಿ ಅದನ್ನು ನೆನಪಿಸಲು ಎಂಜಿನ್ ನಿಲ್ಲಿಸಿ, ಎಫ್ ವೈರ್ ಕಳಚಿ, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಒಂದು ವೈರ್ ಎಳೆದು ಎಫ್ ಬೋಲ್ಟಿಗೆ ಎರಡು ಮೂರು ಸಲ ಕ್ಷಣಮಾತ್ರ ಮುಟ್ಟಿಸಿ. ಸಣ್ಣ ಕಿಡಿ ಹಾರುತ್ತದೆ, ಅಷ್ಟೇ ಕೆಲಸ. ಇದು ಗೊತ್ತಿಲ್ಲದೆ ಗುಜರಿ ಸೇರಿದ ಒಳ್ಳೇ ಡೈನಮೋಗಳನ್ನು ಕಣ್ಣಾರೆ ಕಂಡಿದ್ದೇನೆ.

ಡೈನಮೋ ಸರಿಯಿದ್ದರೆ ಉಳಿದದ್ದು ಕಟೌಟ್ ಡಬ್ಬಿ. ಅದರ ಅರ್ಥ್ ವೈರ್ ನೋಡಿ, ಮುಚ್ಚಳ ತೆಗೆದು ಪಾಯಿಂಟಿನ ಮೇಲಿನ ಧೂಳು ಒರೆಸಿ. ಸುಮಾರು 13 ವೋಲ್ಟಿಗೆ ಅದು ಮುಚ್ಚಿಕೊಳ್ಳಬೇಕು. ಸ್ಕ್ರೂ ತಿರುಗಿಸಿ ಹೊಂದಿಸುವುದು ಕೈಪಳಗಿದವರ ಕೆಲಸ. ಇಲ್ಲಿಗೆ ನಿಲ್ಲಿಸಿ.

ಎಂಜಿನ್ ನಿಲ್ಲಿಸಿದ ಮೇಲೂ ಮುಳ್ಳು ಪೂರ್ತಿ ಮೈನಸ್

ಇದನ್ನು ಕಂಡರೆ ಯೋಚಿಸಬೇಡಿ, ಬ್ಯಾಟರಿ ವೈರ್ ಕಿತ್ತುಬಿಡಿ. ಕಟೌಟ್ ಪಾಯಿಂಟ್ ಅಂಟಿಕೊಂಡು ಬ್ಯಾಟರಿಯೆಲ್ಲ ಡೈನಮೋಗೆ ಹರಿಯುತ್ತಿದೆ. ಡೈನಮೋ ಮೋಟಾರಿನಂತೆ ತಿರುಗಲು ಹವಣಿಸಿ, ಬೆಲ್ಟ್ ಬಿಡದೆ, ಬಿಸಿಯಾಗಿ ಹೊಗೆಯಾಡುತ್ತದೆ. ಪಕ್ಕದಲ್ಲಿ ಹುಲ್ಲಿನ ಬಣವೆ ಇದ್ದರೆ ಹೇಳಬೇಕಾಗಿಲ್ಲ. ಡಬ್ಬಿ ಬದಲಿಸುವವರೆಗೆ ಬ್ಯಾಟರಿ ಜೋಡಿಸಬೇಡಿ.

ಬ್ಯಾಟರಿ ನೀರು ಬೇಗ ಖಾಲಿ, ಬಲ್ಬ್ ಮೇಲೆ ಬಲ್ಬ್ ಸುಡುತ್ತದೆ

ಅತಿ ಚಾರ್ಜ್. ತುಂಬಿದ ಬ್ಯಾಟರಿ ಇರುವಾಗ ಎಂಜಿನ್ ವೇಗದಲ್ಲಿಟ್ಟು ಅಳೆದರೆ 14.5 ವೋಲ್ಟಿಗಿಂತ ತೀರಾ ಮೇಲೆ ಹೋಗಬಾರದು. ಹೋದರೆ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್, ಅಥವಾ ಅದರ ಸಡಿಲ ಅರ್ಥ್.

ಸಂಜೆ ಸರಿಯಿದ್ದ ಬ್ಯಾಟರಿ ಬೆಳಿಗ್ಗೆ ಖಾಲಿ

ಕೀ ಆಫ್, ಲೈಟ್ ಆಫ್ ಮಾಡಿ ಬ್ಯಾಟರಿಯ ಒಂದು ವೈರ್ ಕಳಚಿ. ಕಂಬಕ್ಕೂ ಆ ವೈರಿಗೂ ನಡುವೆ ಟೆಸ್ಟ್ ಲ್ಯಾಂಪ್ ಇಡಿ. ಉರಿಯಬಾರದು. ಉರಿದರೆ ಎಲ್ಲೋ ಸೋರುತ್ತಿದೆ. ಈಗ ಒಂದೊಂದೇ ಫ್ಯೂಸ್, ವೈರ್ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ದೀಪ ಆರುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ಡೈನಮೋದ ಡಿ ವೈರ್ ತೆಗೆದಾಗ ಆರಿದರೆ ಮತ್ತೆ ಕಟೌಟೇ. ಹಾಡಿನ ಸೆಟ್ ತೆಗೆದಾಗ ಆರಿದರೆ ಅದನ್ನು ಕೀ ದಾಟಿಸದೆ ನೇರ ಬ್ಯಾಟರಿಗೆ ಕೊಟ್ಟಿದ್ದಾರೆ. ದೀಪ ಉರಿಯದೆಯೂ ಬ್ಯಾಟರಿ ಇಳಿದರೆ ಬ್ಯಾಟರಿಯೇ ಮುದಿಯಾಗಿದೆ, ಅಥವಾ ಅದರ ಮೇಲಿನ ಆಸಿಡ್ ಕೆಸರಿನ ಮೂಲಕ ಸೋರುತ್ತಿದೆ. ಸೋಡ ನೀರಿನಲ್ಲಿ ತೊಳೆದು ಒಂದು ರಾತ್ರಿ ನೋಡಿ.

ಲೈಟ್ ಮಿಣಮಿಣ, ಫ್ಯೂಸ್ ಪದೇ ಪದೇ ಹೋಗುತ್ತದೆ

ಒಂದು ಕಡೆಯ ಲೈಟ್ ಮಾತ್ರ ಮಂಕಾದರೆ ಆ ಲೈಟಿನ ಅರ್ಥ್, ಮಡ್‌ಗಾರ್ಡಿನ ಬಣ್ಣ, ತುಕ್ಕು. ಟ್ರೇಲರ್ ಲೈಟು ಕುಣಿದರೆ ಅದು ಹಿಚ್ ಪಿನ್ನಿನ ಮೂಲಕ ಅರ್ಥ್ ಹುಡುಕುತ್ತಿದೆ, ಒಂದು ಬೇರೆ ಅರ್ಥ್ ವೈರ್ ಎಳೆಯಿರಿ. ಫ್ಯೂಸ್ ಹೋಗುತ್ತಿದ್ದರೆ ಮಳೆಗಾಲ ಮುಗಿದ ಮೇಲೆ ಹುಲ್ಲಿನ ಪಕ್ಕ ನಿಂತ ಗಾಡಿಯಲ್ಲಿ ಮೊದಲು ಇಲಿ ಕಡಿದ ಜಾಗ ಹುಡುಕಿ. ಆಮೇಲೆ ವೈರ್ ಕಬ್ಬಿಣದ ಅಂಚು ದಾಟುವ ತೂತುಗಳನ್ನು ನೋಡಿ, ಅಲ್ಲಿ ರಬ್ಬರ್ ಬುಷ್ ಬಿದ್ದುಹೋಗಿರುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಫ್ಯೂಸಲ್ಲ. ಅದು ಉಳಿದುಕೊಂಡು ವೈರಿಂಗನ್ನೇ ಸುಡುತ್ತದೆ. ವೈರ್ ಸುಟ್ಟ ವಾಸನೆ ಬಂದರೆ, ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿದ್ದರೆ ತೇಪೆ ಬೇಡ, ಇಡೀ ವೈರಿಂಗ್ ಹೊಸದಾಗಿ ಮಾಡಿಸಿ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಬೇಕೇ?

ರಾತ್ರಿ ಕೆಲಸ, ಟ್ರೇಲರ್ ಲೈಟು ಜಾಸ್ತಿ ಇದ್ದವರಿಗೆ ಹಾಕಿಸಿ ಅನ್ನುತ್ತೇನೆ. ಎಂಜಿನ್ ನಿಧಾನವಿದ್ದಾಗಲೂ ಅದು ಚಾರ್ಜ್ ಕೊಡುತ್ತದೆ. ಆದರೆ ಗಾಡಿ ಪಾಸಿಟಿವ್ ಅರ್ಥ್ ಆಗಿದ್ದರೆ ಮೊದಲು ಬ್ಯಾಟರಿ ತಿರುಗಿಸಿ ನೆಗೆಟಿವ್ ಅರ್ಥ್ ಮಾಡಿಸಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಕಣ್ಣೆವೆ ಮುಚ್ಚುವಷ್ಟರಲ್ಲಿ ಹೋಗುತ್ತವೆ. ಆಂಪಿಯರ್ ಮೀಟರಿನ ವೈರ್ ಅದಲುಬದಲು ಮಾಡಿಸಿ, ಹಳೇ ಕಟೌಟ್ ಡಬ್ಬಿಯನ್ನು ದಾರಿಯಿಂದ ತೆಗೆಸಿ. ಮೀಟರ್ 20-30 ಆಂಪಿಯರಿನದಾದರೆ ಅದೂ ಅದರ ವೈರೂ ದೊಡ್ಡದಾಗಬೇಕು. ಮುಂದೆ ಎಂದಾದರೂ ಹಿಚ್ಚೋ ಬಂಪರೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಎರಡನ್ನೂ ಕಳಚಿ. ಇನ್ನು ಬಿಚ್ಚಿದ ಡೈನಮೋವನ್ನು ಅಟ್ಟದ ಮೇಲಿಡಿ. ಆರ್ಮೇಚರ್ ಸರಿಯಿದ್ದರೆ ಅದೇ ಮಾದರಿಯ ಗಾಡಿ ಉಳಿಸಿಕೊಂಡ ಇನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ.